ಅರ್ಧ ಒಳಗೆ, ಅರ್ಧ ಹೊರಗೆ: ಒಂದು ಹೈಬ್ರಿಡ್ ಕ್ಲೌಡ್ ಕಟ್ಟಿದ ಲಾಗ್

ಕಂಪನಿ ದೊಡ್ಡದು, ಡೇಟಾ ಸೆಂಟರ್ ಹಳೆಯದು. ಗ್ರಾಹಕರು ಬಳಸುವ ಆರ್ಡರ್ ಪೋರ್ಟಲ್, ಸಂಬಳದ ಸಿಸ್ಟಂ, ರಾತ್ರಿ ಓಡುವ ರಿಪೋರ್ಟ್‌ಗಳು, ಯಂತ್ರಗಳಿಂದ ಬರುವ ಡೇಟಾ ಎಲ್ಲವೂ ಒಂದೇ ಕೋಣೆಯ ರ‍್ಯಾಕ್‌ಗಳಲ್ಲಿ ಕೂತಿದ್ದವು. ಮೇಲಿನವರು ತೀರ್ಮಾನ ಮಾಡಿಯಾಗಿತ್ತು. ಒಂದಷ್ಟು ಪಬ್ಲಿಕ್ ಕ್ಲೌಡ್‌ಗೆ, ಅಂದರೆ ಹೊರಗಿನ ಕಂಪನಿಯ ಬಾಡಿಗೆ ಸರ್ವರ್‌ಗಳಿಗೆ ಹೋಗಬೇಕು, ಉಳಿದದ್ದು ಇಲ್ಲೇ ಇರಬೇಕು, ಇಲ್ಲಿ ಉಳಿದದ್ದೂ ಕ್ಲೌಡ್ ಥರವೇ ನಡೆಯಬೇಕು. ಎರಡನ್ನೂ ಕಟ್ಟಿ ಜೋಡಿಸುವ ಕೆಲಸ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವ ನಮ್ಮ ಇನ್‌ಫ್ರಾ ತಂಡದ ಪಾಲಿಗೆ ಬಂತು. ಅದರ ಲಾಗ್ ಇದು.

'ಕ್ಲೌಡ್ ಥರ' ಅಂದರೆ ಏನು ಅಂತ ಮೊದಲೇ ಒಪ್ಪಿಕೊಂಡಿದ್ದು ಒಳ್ಳೆಯದಾಯಿತು. ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವ್ಯಾಖ್ಯಾನವನ್ನೇ ಹಿಡಿದುಕೊಂಡೆವು. ಅದರಲ್ಲಿ ಐದು ಲಕ್ಷಣಗಳಿವೆ. ಬೇಕಾದವರು ಯಾರನ್ನೂ ಕೇಳದೆ ತಾವೇ ತೆಗೆದುಕೊಳ್ಳಬಹುದು. ನೆಟ್‌ವರ್ಕ್ ಮೂಲಕ ಎಲ್ಲಿಂದಲೂ ಸಿಗಬೇಕು. ಸಂಪನ್ಮೂಲ ಎಲ್ಲರಿಗೂ ಸೇರಿದ ಒಂದೇ ರಾಶಿಯಿಂದ ಬರಬೇಕು. ಬೇಗ ಹಿಗ್ಗಬೇಕು, ಬೇಗ ಕುಗ್ಗಬೇಕು. ಎಷ್ಟು ಬಳಸಿದಿರಿ ಅನ್ನೋದರ ಅಳತೆ ಇರಬೇಕು. ನಮ್ಮ ಹಳೆಯ ವರ್ಚುವಲ್ ಮೆಷಿನ್ (ಒಂದು ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಹಲವು ಮೆಷಿನ್) ವ್ಯವಸ್ಥೆಯಲ್ಲಿ ಮೊದಲನೆಯದೂ ಇರಲಿಲ್ಲ, ಕೊನೆಯದೂ ಇರಲಿಲ್ಲ. ಮೆಷಿನ್ ಬೇಕು ಅಂದರೆ ಟಿಕೆಟ್ ಹಾಕಿ ಕಾಯಬೇಕಿತ್ತು. ಹಾಗಾಗಿ ಜನ ಮುಂಜಾಗ್ರತೆಗೆ ಅಂತ ಬೇಕಾದ್ದಕ್ಕಿಂತ ದೊಡ್ಡ ಮೆಷಿನ್ ಕೇಳುತ್ತಿದ್ದರು. ಒಮ್ಮೆ ಸಿಕ್ಕಿದ್ದನ್ನು ಯಾರೂ ವಾಪಸ್ ಕೊಡುತ್ತಿರಲಿಲ್ಲ.

ಪೂರ್ತಿ ಹೊರಗೆ ಹೋಗೋದು ಯಾಕೆ ಬೇಡ ಅಂತ ಹಲವರು ಕೇಳಿದರು. ದೊಡ್ಡ ಕಂಪನಿಗಳ ಉದಾಹರಣೆ ಎರಡೂ ಕಡೆಗೆ ಇವೆ. 2008ರಲ್ಲಿ ಡೇಟಾಬೇಸ್ ಕೆಟ್ಟು ಪೆಟ್ಟು ತಿಂದ ಮೇಲೆ ನೆಟ್‌ಫ್ಲಿಕ್ಸ್ ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ಗೆ ಹೊರಟಿತು. ಆ ವಲಸೆ ಮುಗಿದದ್ದು 2016ರ ಆರಂಭದಲ್ಲಿ. ಅದೇ 2016ರಲ್ಲಿ ಡ್ರಾಪ್‌ಬಾಕ್ಸ್ ತನ್ನ ಬಳಕೆದಾರರ ಫೈಲ್‌ಗಳಲ್ಲಿ ಬಹುಪಾಲನ್ನು ಎಡಬ್ಲ್ಯೂಎಸ್‌ನಿಂದ ತನ್ನದೇ ಸರ್ವರ್‌ಗಳಿಗೆ ತಂದದ್ದಾಗಿ ಹೇಳಿತು. ಇಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿಯೇ ಹೋದದ್ದು. ಏರಿಳಿತ ಜಾಸ್ತಿ ಇರುವ ಕೆಲಸಕ್ಕೆ ಬಾಡಿಗೆ ಚೆನ್ನ. ವರ್ಷವಿಡೀ ಒಂದೇ ಸಮ ಓಡುವ, ಗಾತ್ರ ಗೊತ್ತಿರುವ ಕೆಲಸಕ್ಕೆ ಸ್ವಂತದ್ದು ಅಗ್ಗ ಬೀಳಬಹುದು. ನಮ್ಮಲ್ಲಿ ಎರಡೂ ಇದ್ದವು.

ಯಾರು ಯಾರ ಜೊತೆ ಮಾತಾಡುತ್ತಾರೆ

ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಒಂದು ಸರ್ವರ್ ಕೂಡ ಮುಟ್ಟುವ ಮೊದಲು ಯಾವ ಮೆಷಿನ್ ಯಾವುದರ ಜೊತೆ, ಎಷ್ಟು ಸಲ, ಎಷ್ಟು ಡೇಟಾ ಮಾತಾಡುತ್ತದೆ ಅನ್ನುವ ನಕ್ಷೆ ಮಾಡಿಕೊಂಡೆವು.

ಕಂಪನಿಯಲ್ಲಿ ಸರ್ವರ್ ಪಟ್ಟಿ ಇತ್ತು. ಅದರಲ್ಲಿ ಇದ್ದ ಕೆಲವು ಮೆಷಿನ್‌ಗಳು ರ‍್ಯಾಕ್‌ನಲ್ಲಿ ಇರಲಿಲ್ಲ. ರ‍್ಯಾಕ್‌ನಲ್ಲಿ ಇದ್ದ ಕೆಲವು ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಪಟ್ಟಿಯನ್ನು ಪಕ್ಕಕ್ಕಿಟ್ಟು ಸ್ವಿಚ್‌ಗಳಲ್ಲಿ ನೆಟ್‌ಫ್ಲೋ ಹಾಕಿದೆವು. ಯಾವ ಐಪಿ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಪೋರ್ಟ್‌ಗೆ (ಸರ್ವಿಸ್‌ನ ಸಂಖ್ಯೆಗೆ), ಎಷ್ಟು ಬೈಟ್ ಅನ್ನುವ ದಾಖಲೆ ತಾನಾಗಿಯೇ ಸೇರುತ್ತಾ ಹೋಯಿತು. ಇಲ್ಲಿ ಅವಸರ ಮಾಡಬಾರದು. ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೂ, ಸಾಧ್ಯವಾದರೆ ತ್ರೈಮಾಸಿಕ ಮುಗಿಯುವವರೆಗೂ ಕಾಯಬೇಕು. ಮೂರು ತಿಂಗಳಿಗೆ ಒಮ್ಮೆ ಮಾತ್ರ ಎದ್ದು ಒಂದು ಫೈಲ್ ಕಳಿಸಿ ಮತ್ತೆ ಮಲಗುವ ಸರ್ವರ್‌ಗಳು ಎಲ್ಲಾ ದೊಡ್ಡ ಕಂಪನಿಗಳಲ್ಲೂ ಇರುತ್ತವೆ. ಅಂಥದ್ದೇ ಒಂದು ನಮ್ಮಲ್ಲೂ ಸಿಕ್ಕಿತು. ತೆರಿಗೆ ಲೆಕ್ಕದ ಫೈಲ್ ಮಾಡುವ ಮೆಷಿನ್ ಅದು.

ಯಾರದ್ದು ಅಂತ ಗೊತ್ತೇ ಆಗದ ಮೆಷಿನ್‌ಗಳೂ ಉಳಿದವು. ಇಮೇಲ್ ಕಳಿಸಿದರೆ ಉತ್ತರವಿಲ್ಲ. ಅವಕ್ಕೆ ಹಳೆಯ ಉಪಾಯ ಒಂದಿದೆ. ನೆಟ್‌ವರ್ಕ್ ತೆಗೆದು, ಯಾರು ಕೂಗುತ್ತಾರೆ ನೋಡುವುದು. ಒಂದೇ ಎಚ್ಚರಿಕೆ, ಸ್ವಿಚ್‌ನಲ್ಲಿ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಬಂದ್ ಮಾಡಬೇಕು. ಪವರ್ ಮಾತ್ರ ತೆಗೆಯಬಾರದು. ವರ್ಷಗಟ್ಟಲೆ ತಿರುಗಿದ ಹಳೇ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ತಿರುಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಪೋರ್ಟ್ ಆದರೆ ಕೂಗು ಕೇಳಿದ ಕೂಡಲೇ ವಾಪಸ್ ಹಾಕಬಹುದು. ಹೆಚ್ಚಿನವಕ್ಕೆ ಯಾರೂ ಕೂಗಲಿಲ್ಲ. ಆ ಮೆಷಿನ್‌ಗಳ ವಲಸೆ ಅಲ್ಲಿಗೇ ಮುಗಿಯಿತು, ಬಂದ್ ಮಾಡಿದೆವು.

ನಕ್ಷೆ ಕಾಗದದ ಮೇಲೆ ಬಂದಾಗ ಒಂದು ವಿಷಯ ಎದ್ದು ಕಂಡಿತು. ಅಪ್ಲಿಕೇಶನ್‌ಗಳು ಒಂಟಿಯಾಗಿ ಇಲ್ಲ, ಗುಂಪುಗಳಾಗಿವೆ. ಒಂದು ಗುಂಪಿನ ಒಳಗೆ ವಿಪರೀತ ಮಾತು, ಗುಂಪು ಗುಂಪಿನ ನಡುವೆ ಕಮ್ಮಿ. ಆರ್ಡರ್ ಪೋರ್ಟಲ್, ಅದರ ಡೇಟಾಬೇಸ್, ದರಪಟ್ಟಿ ಕೊಡುವ ಸರ್ವಿಸ್ ಒಂದು ಗುಂಪು. ಸಂಬಳ ಮತ್ತು ಹಾಜರಿ ಇನ್ನೊಂದು. ಆರ್ಡರ್ ಗುಂಪಿನಿಂದ ಉತ್ಪಾದನೆಯ ಗುಂಪಿಗೆ ಹೋಗುತ್ತಿದ್ದದ್ದು ಮೆಸೇಜ್ ಕ್ಯೂ (ಸಂದೇಶಗಳು ಸಾಲಿನಲ್ಲಿ ಕಾಯುವ ವ್ಯವಸ್ಥೆ) ಮೂಲಕ ಅಲ್ಲೊಂದು ಇಲ್ಲೊಂದು ಸಂದೇಶ, ಅಷ್ಟೇ. ಕತ್ತರಿ ಹಾಕಬೇಕಾದ್ದು ಅಲ್ಲೇ ಅಂತ ಎಲ್ಲರಿಗೂ ಕಂಡಿತು.

ಒಳಗಿನ ಅರ್ಧ

ಪ್ರೈವೇಟ್ ಕಡೆಗೆ, ಅಂದರೆ ಒಳಗಿನ ಕ್ಲೌಡ್‌ಗೆ, ಸ್ವಂತ ಸರ್ವರ್‌ಗಳನ್ನೇ ಕ್ಲೌಡ್ ಮಾಡುವ ಓಪನ್‌ಸ್ಟ್ಯಾಕ್ ಆರಿಸಿಕೊಂಡೆವು. 2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಶುರು ಮಾಡಿದ ಓಪನ್ ಸೋರ್ಸ್ ಯೋಜನೆ ಅದು. ವರ್ಚುವಲ್ ಮೆಷಿನ್ ನಡೆಸುವ ವಿಎಂವೇರ್ ನಮ್ಮಲ್ಲಿ ಮೊದಲೇ ಇತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡ ಮೇಲೆ ಶಾಶ್ವತ ಲೈಸೆನ್ಸ್ ಮಾರಾಟ ನಿಂತು ಎಲ್ಲವೂ ಚಂದಾ ಪದ್ಧತಿಗೆ ಬದಲಾಯಿತು. ನಮ್ಮಂಥ ಎಷ್ಟೋ ತಂಡಗಳು ಆಗ ಬೇರೆ ದಾರಿಗಳ ಲೆಕ್ಕವನ್ನು ಹೊಸದಾಗಿ ಹಾಕಿದವು.

ಓಪನ್‌ಸ್ಟ್ಯಾಕ್ ಕಷ್ಟ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಮೆಷಿನ್ ಓಡಿಸಲು ನೋವಾ, ನೆಟ್‌ವರ್ಕ್‌ಗೆ ನ್ಯೂಟ್ರಾನ್, ಡಿಸ್ಕ್‌ಗೆ ಸಿಂಡರ್, ಗುರುತು ಪರೀಕ್ಷೆಗೆ ಕೀಸ್ಟೋನ್, ಹೀಗೆ ತುಂಡು ತುಂಡಾಗಿದೆ. ಕೋಲಾ-ಆನ್ಸಿಬಲ್ ಅನ್ನುವ ಸಾಧನ ಇವನ್ನೆಲ್ಲಾ ಕಂಟೇನರ್ ಅನ್ನುವ ಪ್ರತ್ಯೇಕ ಪೊಟ್ಟಣಗಳಲ್ಲಿ ಕೂರಿಸಿಕೊಡುತ್ತದೆ. ಅದಿಲ್ಲದೆ ನಾನಂತೂ ಕೈ ಹಾಕುತ್ತಿರಲಿಲ್ಲ. ಇಡೀ ಕ್ಲೌಡನ್ನು ನಿಯಂತ್ರಿಸುವ ಕಂಟ್ರೋಲರ್ ಮೆಷಿನ್‌ಗಳು ಮೂರು. ಎರಡು ಸಾಲದೇ ಅಂತ ಖರೀದಿ ವಿಭಾಗ ಕೇಳಿತು. ಎರಡಿದ್ದು ನಡುವಿನ ತಂತಿ ಹೋದರೆ, ಸತ್ತದ್ದು ನಾನೋ ನೀನೋ ಅಂತ ತೀರ್ಮಾನ ಮಾಡಲು ಬಹುಮತವೇ ಇರುವುದಿಲ್ಲ. ಮೂರಿದ್ದರೆ ಇಬ್ಬರ ಮಾತು ನಡೆಯುತ್ತದೆ.

ಸ್ಟೋರೇಜ್‌ಗೆ ಸೆಫ್, ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದಾಗಿಸುವ ಸಾಫ್ಟ್‌ವೇರ್. ಇಲ್ಲಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರೈವೇಟ್ ಕ್ಲೌಡ್ ಬಜೆಟ್‌ಗಳು ದಾರಿ ತಪ್ಪೋದು ಇಲ್ಲೇ. ತಲಾ 20 ಟಿಬಿ ಡಿಸ್ಕ್ ಇರುವ ಐದು ಸರ್ವರ್ ಅಂದುಕೊಳ್ಳಿ. ಒಟ್ಟು 100 ಟಿಬಿ. ಸೆಫ್ ಪ್ರತಿ ಡೇಟಾದ ಮೂರು ಪ್ರತಿ ಇಡುತ್ತದೆ, ಹಾಗಾಗಿ 33 ಟಿಬಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದು ಸರ್ವರ್ ಸತ್ತರೆ ಅದರ ಡೇಟಾ ಉಳಿದ ನಾಲ್ಕರಲ್ಲಿ ಹಿಡಿಸಬೇಕು ಅಲ್ವಾ? ಅಲ್ಲಿಗೆ ಐದರಲ್ಲಿ ನಾಲ್ಕು ಪಾಲು. ಸೆಫ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಶೇ 85 ತುಂಬಿದರೆ ಎಚ್ಚರಿಕೆ ಬರುತ್ತದೆ. ಶೇ 90ಕ್ಕೆ ಡೇಟಾ ಮರುಹಂಚಿಕೆ ನಿಲ್ಲುತ್ತದೆ. ಶೇ 95ಕ್ಕೆ ಬರೆಯುವುದೇ ನಿಲ್ಲುತ್ತದೆ. ನೆಮ್ಮದಿಯಾಗಿರಬೇಕು ಅಂದರೆ 85 ದಾಟಬಾರದು. 100 ಟಿಬಿಯ ಐದರಲ್ಲಿ ನಾಲ್ಕು 80, ಅದರ ಶೇ 85 ಅಂದರೆ 68, ಅದನ್ನು ಮೂರರಿಂದ ಭಾಗಿಸಿದರೆ 22 ಚಿಲ್ಲರೆ. ಕೊಂಡದ್ದು 100 ಟಿಬಿ, ಕೈಗೆ ಬಂದದ್ದು 22. ಹಣಕಾಸಿನವರಿಗೆ ಇದನ್ನು ಖರೀದಿಗೆ ಮೊದಲೇ ಹೇಳಬೇಕು.

ಇನ್ನೊಂದು ಸಂಖ್ಯೆ ಸಿಪಿಯು ಹಂಚಿಕೆಯದ್ದು. ಒಂದು ನಿಜವಾದ ಕೋರ್‌ಗೆ ಎಷ್ಟು ವರ್ಚುವಲ್ ಸಿಪಿಯು ಕೊಡಬಹುದು ಅನ್ನುವ ಅನುಪಾತ ನೋವಾದಲ್ಲಿ ಬಹುಕಾಲ 16 ಇತ್ತು. ಟೆಸ್ಟ್ ಮೆಷಿನ್‌ಗಳಿಗೆ ಸರಿ. ಡೇಟಾಬೇಸ್ ಓಡುವ ಕಡೆ ಹಾಗೆ ಬಿಟ್ಟರೆ ಎಲ್ಲರೂ ಎಲ್ಲರಿಗಾಗಿ ಕಾಯುತ್ತಾ ನಿಲ್ಲುತ್ತಾರೆ. ನಾವು ಸಾಮಾನ್ಯ ಹೋಸ್ಟ್‌ಗಳಿಗೆ (ವರ್ಚುವಲ್ ಮೆಷಿನ್‌ಗಳನ್ನು ಹೊತ್ತ ಸರ್ವರ್‌ಗಳಿಗೆ) 4, ಡೇಟಾಬೇಸ್ ಹೋಸ್ಟ್‌ಗಳಿಗೆ 1 ಇಟ್ಟೆವು. ಮೆಮೊರಿಯನ್ನು ಎಲ್ಲೂ ಇದ್ದದ್ದಕ್ಕಿಂತ ಜಾಸ್ತಿ ಹಂಚಲಿಲ್ಲ.

ವಿಳಾಸಗಳ ಜಗಳ

ಹೊರಗಿನ ಅರ್ಧಕ್ಕೆ ಎಡಬ್ಲ್ಯೂಎಸ್. ಅಲ್ಲಿ ಮೊದಲ ಕೆಲಸ ವಿಪಿಸಿ, ಅಂದರೆ ನಮಗೇ ಮೀಸಲಾದ ನೆಟ್‌ವರ್ಕ್ ಮಾಡಿ ಅದಕ್ಕೆ ಐಪಿ ವಿಳಾಸಗಳ ವ್ಯಾಪ್ತಿ ಕೊಡುವುದು. ನೋಡಲು ಒಂದು ಸಾಲಿನ ಕೆಲಸ. ಆದರೆ ವಿಪಿಸಿಯ ಮೂಲ ವ್ಯಾಪ್ತಿಯನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಬೇಕಿದ್ದರೆ ಇನ್ನೊಂದನ್ನು ಸೇರಿಸಬಹುದು, ಅಷ್ಟೇ. ಹಾಗಾಗಿ ಈ ಒಂದು ಸಾಲಿಗೆ ಇಡೀ ಮೀಟಿಂಗ್ ಖರ್ಚಾದರೂ ಬೇಸರ ಮಾಡಿಕೊಳ್ಳಬಾರದು.

ಖಾಸಗಿ ಬಳಕೆಗೆ ಅಂತ 1996ರಲ್ಲಿ ಬಂದ ಇಂಟರ್ನೆಟ್ ನಿಯಮಪತ್ರ ಆರ್‌ಎಫ್‌ಸಿ 1918 ಮೂರು ವ್ಯಾಪ್ತಿಗಳನ್ನು ಕೊಟ್ಟಿದೆ. 10.0.0.0/8, 172.16.0.0/12, 192.168.0.0/16. ಓರೆಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ವ್ಯಾಪ್ತಿ ದೊಡ್ಡದು. ದೊಡ್ಡ ಕಂಪನಿ ಅಂದರೆ 10ರಿಂದ ಶುರುವಾಗುವುದೆಲ್ಲಾ ಆಗಲೇ ಯಾರೋ ಎಲ್ಲೋ ಬಳಸಿರುತ್ತಾರೆ. ನಮ್ಮಲ್ಲಿ ಬೇರೊಂದು ವಿಭಾಗ ಪ್ರಯೋಗಕ್ಕೆ ಅಂತ ತೆರೆದಿದ್ದ ಕ್ಲೌಡ್ ಅಕೌಂಟ್‌ನಲ್ಲೂ, ಫ್ಯಾಕ್ಟರಿ ನೆಟ್‌ವರ್ಕ್‌ನಲ್ಲೂ ಒಂದೇ 10.20.0.0/16 ಇತ್ತು. ಬೇರೆ ಬೇರೆ ಇದ್ದಾಗ ಯಾರಿಗೂ ತೊಂದರೆ ಇಲ್ಲ. ಜೋಡಿಸಿದ ಕೂಡಲೇ ರೌಟರ್‌ಗೆ ಯಾವ ಕಡೆ ಕಳಿಸಬೇಕು ಅಂತ ಗೊತ್ತಾಗುವುದಿಲ್ಲ. ಫ್ಯಾಕ್ಟರಿಯ ಯಂತ್ರಗಳ ವಿಳಾಸ ಬದಲಿಸೋದು ದೂರದ ಮಾತು. ಕೊನೆಗೆ ಪ್ರಯೋಗದ ಅಕೌಂಟನ್ನೇ ಹೊಸ ವ್ಯಾಪ್ತಿಯಲ್ಲಿ ಮತ್ತೆ ಕಟ್ಟಿಸಿದೆವು.

ಇದಕ್ಕಿಂತ ತಮಾಷೆಯದ್ದು ಕಂಟೇನರ್‌ಗಳನ್ನು ಓಡಿಸುವ ಡಾಕರ್. ಒಂದೇ ಒಂದು ಆಫೀಸ್ ಸಬ್‌ನೆಟ್‌ನಿಂದ (ನೆಟ್‌ವರ್ಕ್‌ನ ತುಂಡಿನಿಂದ) ಹೊಸ ಸರ್ವರ್‌ಗೆ ಸಂಪರ್ಕ ಆಗುತ್ತಿಲ್ಲ, ಉಳಿದ ಎಲ್ಲಾ ಕಡೆಯಿಂದ ಆಗುತ್ತದೆ. ಫೈರ್‌ವಾಲ್ ನೋಡಿದರೆ ಸರಿ. ರೌಟ್ ನೋಡಿದರೆ ಸರಿ. ಪ್ಯಾಕೆಟ್ ಹಿಡಿದು ನೋಡಿದರೆ ವಿನಂತಿ ಸರ್ವರ್‌ಗೆ ಬಂದು ಮುಟ್ಟುತ್ತಿದೆ, ಉತ್ತರ ಮಾತ್ರ ಹೊರಗೆ ಬರುತ್ತಿಲ್ಲ. ಆ ಆಫೀಸ್ ಸಬ್‌ನೆಟ್ 172.17ರಿಂದ ಶುರು. ಸರ್ವರ್ ಒಳಗಿನ ಡಾಕರ್ ತನ್ನ ಬ್ರಿಡ್ಜ್‌ಗೆ (ಒಳಗಿನ ಪುಟ್ಟ ನೆಟ್‌ವರ್ಕ್‌ಗೆ) ತಾನಾಗಿಯೇ ತೆಗೆದುಕೊಳ್ಳುವುದೂ 172.17.0.0/16. ಉತ್ತರವೆಲ್ಲಾ ಮೆಷಿನ್ ಒಳಗಿನ ಬ್ರಿಡ್ಜ್‌ಗೇ ಹೋಗಿ ಮುಗಿಯುತ್ತಿತ್ತು. ಡಾಕರ್ ಕಾನ್ಫಿಗ್ ಫೈಲ್‌ನಲ್ಲಿ ವಿಳಾಸ ವ್ಯಾಪ್ತಿ ಬದಲಿಸಿ, ಅದನ್ನೇ ಹೊಸ ಸರ್ವರ್‌ಗಳಿಗೆ ಅಚ್ಚಾಗುವ ಮೂಲ ಇಮೇಜ್‌ನಲ್ಲೂ ಸೇರಿಸಿದ್ದಾಯಿತು.

ಸಣ್ಣ ವಿಷಯ ಇನ್ನೊಂದು. ವಿಪಿಸಿಯ ಪ್ರತಿ ಸಬ್‌ನೆಟ್‌ನಲ್ಲಿ ಐದು ವಿಳಾಸಗಳನ್ನು ಎಡಬ್ಲ್ಯೂಎಸ್ ತನಗೆ ಇಟ್ಟುಕೊಳ್ಳುತ್ತದೆ. /28 ಮಾಡಿದರೆ 16ರಲ್ಲಿ ನಿಮಗೆ ಸಿಗೋದು 11. ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಗ್ಗುವಾಗ ಅವೂ ಸಾಲುವುದಿಲ್ಲ.

ಪಿಂಗ್ ಹೋಗುತ್ತದೆ, ಪೇಜ್ ಬರುವುದಿಲ್ಲ

ಎರಡು ಕಡೆಗೂ ನಡುವೆ ಮೀಸಲು ಫೈಬರ್ ಲೈನ್ ಬರಬೇಕಿತ್ತು. ಅದು ಬರಲು ಕಾಲ ಹಿಡಿಯುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿಯವರೆಗೆ ಇಂಟರ್ನೆಟ್ ಮೇಲೆ ಐಪಿಸೆಕ್ ವಿಪಿಎನ್, ಅಂದರೆ ಎನ್‌ಕ್ರಿಪ್ಟ್ ಮಾಡಿದ ಟನಲ್ ಹಾಕಿದೆವು. ಟನಲ್ ಎದ್ದಿತು. ಪಿಂಗ್ (ಇದ್ದೀಯಾ ಅಂತ ಕೇಳುವ ಚಿಕ್ಕ ಪ್ಯಾಕೆಟ್) ಹೋಯಿತು. ಆಚೆಯ ಸರ್ವರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಆಯಿತು. ಪೋರ್ಟಲ್‌ನ ಲಾಗಿನ್ ಪೇಜ್ ಕೂಡ ಬಂತು. ಆರ್ಡರ್ ಪಟ್ಟಿ ತೆರೆದರೆ ಮಾತ್ರ ಚಕ್ರ ತಿರುಗುತ್ತಾ ಕೂತುಬಿಡುತ್ತಿತ್ತು.

ಚಿಕ್ಕದ್ದು ಹೋಗುತ್ತದೆ, ದೊಡ್ಡದ್ದು ಹೋಗುವುದಿಲ್ಲ. ಈ ಲಕ್ಷಣ ಕಂಡರೆ ಬೇರೆಲ್ಲೂ ಹುಡುಕಬೇಡಿ, ಪ್ಯಾಕೆಟ್ ಗಾತ್ರ ನೋಡಿ. ಈಥರ್ನೆಟ್‌ನ ಮಾಮೂಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಬೈಟ್. ಐಪಿಸೆಕ್ ಒಳಗಿನ ಪ್ಯಾಕೆಟ್ ಸುತ್ತ ತನ್ನ ಹೆಡರ್‌ಗಳನ್ನು ಸುತ್ತುತ್ತದೆ. ಹೊರಗಿನ ಐಪಿ ಹೆಡರ್ 20, ನ್ಯಾಟ್ (ದಾರಿಯಲ್ಲಿ ವಿಳಾಸ ಬದಲಿಸುವ ವ್ಯವಸ್ಥೆ) ದಾಟಲು ಯುಡಿಪಿ ಹೆಡರ್ 8, ಎನ್‌ಕ್ರಿಪ್ಶನ್‌ನ ಹೆಡರ್, ಬಾಲ, ಪರಿಶೀಲನೆಯ ಬೈಟ್‌ಗಳು ಎಲ್ಲಾ ಸೇರಿ 62. ಒಳಗೆ ಉಳಿಯುವುದು 1438.

ಇದನ್ನು ಅಳೆದೇ ನೋಡಬಹುದು. ಪಿಂಗ್‌ಗೆ 'ಒಡೆಯಬೇಡ' ಅನ್ನುವ ಆಯ್ಕೆ ಕೊಟ್ಟು ಗಾತ್ರ ಬದಲಿಸುತ್ತಾ ಹೋಗಬೇಕು. ಟನಲ್ ಇಲ್ಲದ ಕಡೆ 1472ರವರೆಗೆ ಹೋಗುತ್ತದೆ, ಯಾಕೆಂದರೆ ಐಪಿಯ 20 ಮತ್ತು ಐಸಿಎಂಪಿಯ (ಪಿಂಗ್ ಬಳಸುವ ಪ್ರೋಟೋಕಾಲ್‌ನ) 8 ಸೇರಿದರೆ 1500. ನಮ್ಮ ಟನಲ್ ಮೇಲೆ 1410 ಹೋಯಿತು, 1411 ಹೋಗಲಿಲ್ಲ. 1410ಕ್ಕೆ 28 ಸೇರಿಸಿದರೆ 1438. ಲೆಕ್ಕ ಬೈಟ್‌ಗೆ ಬೈಟ್ ಕೂತಿತು. ಇಂಥ ಸಂತೋಷ ಈ ಕೆಲಸದಲ್ಲಿ ದಿನಾ ಸಿಗುವುದಿಲ್ಲ.

ಹಾಗಾದರೆ ಕಂಪ್ಯೂಟರ್‌ಗಳು ತಾವೇ ಗಾತ್ರ ಕಮ್ಮಿ ಮಾಡಿಕೊಳ್ಳಬೇಕಿತ್ತಲ್ಲ? ಮಾಡಿಕೊಳ್ಳುತ್ತವೆ. ದಾರಿಯ ರೌಟರ್ 'ಇದು ದೊಡ್ಡದಾಯಿತು, ಒಡೆಯಬೇಕು' ಅಂತ ಐಸಿಎಂಪಿ ಸಂದೇಶ ಕಳಿಸುತ್ತದೆ, ಕಳಿಸಿದವನು ಚಿಕ್ಕದು ಮಾಡಿ ಮತ್ತೆ ಕಳಿಸುತ್ತಾನೆ. ಆದರೆ ನಡುವೆ ಒಂದು ಹಳೆಯ ಫೈರ್‌ವಾಲ್ ಇತ್ತು. ಅದರ ನಿಯಮದಲ್ಲಿ ಪಿಂಗ್ ಬಿಟ್ಟು ಉಳಿದ ಐಸಿಎಂಪಿ ಎಲ್ಲಾ ಬಂದ್. ಸುರಕ್ಷತೆಗೆ ಅಂತ ಯಾವ ಕಾಲದಲ್ಲೋ ಹಾಕಿದ್ದು. ಸಂದೇಶ ದಾರಿಯಲ್ಲೇ ಸಾಯುತ್ತಿತ್ತು. ಕಳಿಸುವವನು ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾ ಇದ್ದ.

ಎರಡು ರಿಪೇರಿ ಮಾಡಿದೆವು. ಫೈರ್‌ವಾಲ್‌ನಲ್ಲಿ ಆ ಒಂದು ಬಗೆಯ ಐಸಿಎಂಪಿಯನ್ನು ಬಿಟ್ಟೆವು. ಜೊತೆಗೆ ಟನಲ್‌ನ ಬಾಯಿಯಲ್ಲಿ ಟಿಸಿಪಿಯ ಎಂಎಸ್‌ಎಸ್, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ ಕತ್ತರಿಸಿದೆವು. 1438ರಲ್ಲಿ ಐಪಿ ಮತ್ತು ಟಿಸಿಪಿ ಹೆಡರ್‌ಗಳ 40 ಕಳೆದರೆ 1398 ಸಾಕು. ನಾವು 1360 ಇಟ್ಟೆವು. ನಾಳೆ ಎನ್‌ಕ್ರಿಪ್ಶನ್ ಬಗೆ ಬದಲಾದರೂ ಮತ್ತೆ ಇಲ್ಲಿಗೆ ಬರುವುದು ಬೇಡ ಅಂತ.

ಒಂದು ಪೇಜ್, 300 ಪ್ರಶ್ನೆ

ಮ್ಯಾನೇಜ್‌ಮೆಂಟ್‌ನ ಮೊದಲ ಆಸೆ ಹೀಗಿತ್ತು: ಪೋರ್ಟಲ್ ಹೊರಗೆ ಹೋಗಲಿ, ಡೇಟಾಬೇಸ್ ಇಲ್ಲೇ ಇರಲಿ. ಡೇಟಾ ನಮ್ಮ ಮನೆಯಲ್ಲೇ, ಗ್ರಾಹಕರಿಗೆ ಕ್ಲೌಡ್‌ನ ವೇಗ. ಕೇಳಲು ಚೆನ್ನಾಗಿದೆ.

ಸುಮ್ನೆ ವಾದ ಮಾಡುವ ಬದಲು ಅಳೆದು ತೋರಿಸಿದೆವು. ಆರ್ಡರ್ ಪಟ್ಟಿಯ ಒಂದು ಪೇಜ್ ತೆರೆಯಲು ಅಪ್ಲಿಕೇಶನ್ ಡೇಟಾಬೇಸ್‌ಗೆ ಸುಮಾರು 300 ಪ್ರಶ್ನೆ ಕೇಳುತ್ತಿತ್ತು. ಮೊದಲು ಪಟ್ಟಿ, ಆಮೇಲೆ ಪ್ರತಿ ಸಾಲಿಗೂ ಗ್ರಾಹಕರ ಹೆಸರು, ಸ್ಥಿತಿ, ದರ ಅಂತ ಒಂದೊಂದೇ. ಒಂದರ ಉತ್ತರ ಬಂದ ಮೇಲೆ ಇನ್ನೊಂದು. ಒಂದೇ ಕೋಣೆಯಲ್ಲಿ ಹೋಗಿ ಬರಲು ಅರ್ಧ ಮಿಲಿಸೆಕೆಂಡ್. 300 ಸಲಕ್ಕೆ 0.15 ಸೆಕೆಂಡ್. ಯಾರಿಗೂ ಗೊತ್ತಾಗುವುದಿಲ್ಲ. ಲೈನ್ ಆಚೆಗೆ ಹೋಗಿ ಬರಲು 12 ಮಿಲಿಸೆಕೆಂಡ್ ಅಂದರೆ ಅದೇ ಪೇಜ್‌ಗೆ 3.6 ಸೆಕೆಂಡ್. ಸರ್ವರ್ ಎಷ್ಟೇ ದೊಡ್ಡದು ತೆಗೆದುಕೊಂಡರೂ ಇದು ಕಮ್ಮಿ ಆಗುವುದಿಲ್ಲ. ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿದರೂ ಅಷ್ಟೇ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡ್‌ಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. 1,000 ಕಿಲೋಮೀಟರ್ ದೂರ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕೇ ಬೇಕು. ಅದನ್ನು ಯಾವ ಕಂಪನಿಯೂ ರಿಯಾಯಿತಿಯಲ್ಲಿ ಕೊಡುವುದಿಲ್ಲ.

ಕೋಡ್ ಸರಿಮಾಡಿ 300 ಪ್ರಶ್ನೆಯನ್ನು ಐದಾರಕ್ಕೆ ಇಳಿಸಬಹುದು. ಡೆವಲಪರ್‌ಗಳು ಆ ಪೇಜ್‌ನಲ್ಲಿ ಇಳಿಸಿದರು ಕೂಡ. ಅಂಥ ಪೇಜ್‌ಗಳು ಎಷ್ಟಿವೆ ಅನ್ನೋದೇ ಪ್ರಶ್ನೆ. ಮಾತಾಡುವ ಗುಂಪಿನ ನಡುವೆ ಗೆರೆ ಎಳೆಯಬಾರದು ಅನ್ನುವ ನಮ್ಮ ನಕ್ಷೆಯ ಮಾತನ್ನೇ ಈ 3.6 ಸೆಕೆಂಡ್ ಗಟ್ಟಿಯಾಗಿ ಹೇಳಿತು. ಪೋರ್ಟಲ್, ದರಪಟ್ಟಿ, ಡೇಟಾಬೇಸ್ ಮೂರೂ ಒಟ್ಟಿಗೆ ಹೊರಗೆ. ಸಂಬಳ, ಹಾಜರಿ, ಅವುಗಳ ಡೇಟಾಬೇಸ್ ಒಟ್ಟಿಗೆ ಒಳಗೆ. ಫ್ಯಾಕ್ಟರಿ ಡೇಟಾ ಹುಟ್ಟುವ ಕಡೆಯೇ ಇದ್ದು, ಸಾರಾಂಶ ಮಾತ್ರ ಹೊರಗೆ ಹೋಗುತ್ತದೆ. ಗೆರೆಯನ್ನು ದಾಟುವುದು ಮೆಸೇಜ್ ಕ್ಯೂ ಒಂದೇ. ಲೈನ್ ಸ್ವಲ್ಪ ಹೊತ್ತು ಹೋದರೆ ಸಂದೇಶ ಕಾಯುತ್ತದೆ, ಕಳೆಯುವುದಿಲ್ಲ.

ಹೆಸರು, ಗುರುತು, ಗಡಿಯಾರ

ಇವು ಬೇಗ ಮುಗಿದವು. ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಒಳಗಿನ ಹೆಸರುಗಳನ್ನು ಹೊರಗೂ, ಹೊರಗಿನವನ್ನು ಒಳಗೂ ಬಿಡಿಸಬೇಕು. ವಿಪಿಸಿಯ ಸ್ವಂತ ಡಿಎನ್‌ಎಸ್ ವಿಳಾಸ ವಿಪಿಎನ್ ಆಚೆಯಿಂದ ಕೇಳಿದರೆ ಉತ್ತರ ಕೊಡುವುದಿಲ್ಲ. ಅದಕ್ಕೇ ಅಂತ ಎಡಬ್ಲ್ಯೂಎಸ್‌ನ ಡಿಎನ್‌ಎಸ್ ಸೇವೆಯಾದ ರೂಟ್ 53 ರಿಸಾಲ್ವರ್‌ನ ಎಂಡ್‌ಪಾಯಿಂಟ್‌ಗಳಿವೆ. ಒಳಬರುವುದೊಂದು, ಹೊರಹೋಗುವುದೊಂದು ಮಾಡಿ, ನಮ್ಮ ಡಿಎನ್‌ಎಸ್ ಸರ್ವರ್‌ಗಳಲ್ಲಿ ಫಾರ್ವರ್ಡರ್ (ಪ್ರಶ್ನೆಯನ್ನು ಮುಂದಕ್ಕೆ ಕಳಿಸುವ ನಿಯಮ) ಬರೆದೆವು. ಲಾಗಿನ್‌ಗೆ ಕಂಪನಿಯ ಒಂದೇ ಡೈರೆಕ್ಟರಿ, ಎರಡೂ ಕಡೆಗೆ ಸಿಂಗಲ್ ಸೈನ್-ಆನ್. ಕ್ಲೌಡ್‌ನಲ್ಲಿ ಯಾರಿಗೂ ಸ್ವಂತ ಪಾಸ್‌ವರ್ಡ್ ಇಲ್ಲ. ಕೆಲಸ ಬಿಟ್ಟು ಹೋದವರ ಖಾತೆ ಒಂದು ಕಡೆ ಮುಚ್ಚಿದರೆ ಎರಡೂ ಕಡೆ ಮುಚ್ಚಬೇಕು. ಗಡಿಯಾರಗಳನ್ನೂ ಒಂದೇ ಮೂಲಕ್ಕೆ ಕಟ್ಟಬೇಕು. ಲಾಗಿನ್ ಪರೀಕ್ಷಿಸುವ ಕರ್ಬರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಆಗ ಬರುವ ಎರರ್ ಓದಿದರೆ ಪಾಸ್‌ವರ್ಡ್ ತಪ್ಪಿರಬೇಕು ಅಂತಲೇ ಅನ್ನಿಸಿಬಿಡುತ್ತದೆ.

ಡೇಟಾಬೇಸ್ ಸಾಗಿಸಿದ್ದು

ಡೇಟಾ ಸಾಗಣೆಗೆ ಮೊದಲು ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 1 ಜಿಬಿಪಿಎಸ್ ಲೈನ್ ಪೂರ್ತಿ ನಿಮ್ಮದೇ ಆದರೂ 10 ಟಿಬಿ ಹೋಗಲು 22 ಗಂಟೆ ಬೇಕು, 100 ಟಿಬಿಗೆ ಒಂಬತ್ತು ದಿನ ದಾಟುತ್ತದೆ. ಅಷ್ಟು ಹೊತ್ತು ಪೋರ್ಟಲ್ ಮುಚ್ಚಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಮೊದಲು ಪೂರ್ತಿ ಪ್ರತಿ, ಆಮೇಲೆ ಬದಲಾವಣೆಗಳು ಹರಿಯುತ್ತಾ ಇರುವುದು, ಕೊನೆಗೆ ಸ್ವಲ್ಪ ಹೊತ್ತು ನಿಲ್ಲಿಸಿ ಬದಲಿಸುವುದು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಬದಲಾವಣೆಗಳನ್ನು ಹರಿಸಲು ಅದರ ಲಾಜಿಕಲ್ ರೆಪ್ಲಿಕೇಶನ್ ಬಳಸಿದೆವು.

ರಿಹರ್ಸಲ್ ಮಾಡಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇಲ್ಲಿ. ಪ್ರತಿ ಟೇಬಲ್‌ನ ಸಾಲುಗಳ ಲೆಕ್ಕ ಎರಡೂ ಕಡೆ ಒಂದೇ. ಚೆಕ್‌ಸಮ್ (ಡೇಟಾ ಹೊಂದುತ್ತದೆಯೇ ಅಂತ ನೋಡುವ ಸಂಖ್ಯೆ) ಒಂದೇ. ಆದರೆ ಹೊಸ ಕಡೆ ಒಂದು ಆರ್ಡರ್ ಹಾಕಿದರೆ ಕೀ (ಸಾಲಿನ ಗುರುತಿನ ಸಂಖ್ಯೆ) ಆಗಲೇ ಇದೆ ಅನ್ನುವ ಎರರ್. ಕಾರಣ ಸೀಕ್ವೆನ್ಸ್. ನಾವು ಬಳಸುತ್ತಿದ್ದ ಆವೃತ್ತಿಯ ಲಾಜಿಕಲ್ ರೆಪ್ಲಿಕೇಶನ್ ಸಾಲುಗಳನ್ನು ಒಯ್ಯುತ್ತದೆ, ಮುಂದಿನ ಸಂಖ್ಯೆ ಕೊಡುವ ಸೀಕ್ವೆನ್ಸ್‌ನ ಸ್ಥಿತಿಯನ್ನು ಒಯ್ಯುವುದಿಲ್ಲ. ಹೊಸ ಕಡೆ ಸೀಕ್ವೆನ್ಸ್ ಇನ್ನೂ 1ರಲ್ಲೇ ನಿಂತಿತ್ತು. ಬದಲಿಸುವ ಕ್ಷಣದಲ್ಲಿ ಎಲ್ಲಾ ಸೀಕ್ವೆನ್ಸ್‌ಗಳನ್ನು ಹಳೆಯ ಕಡೆಯ ಮೌಲ್ಯಕ್ಕಿಂತ ಸ್ವಲ್ಪ ಮುಂದಕ್ಕೆ ತಳ್ಳುವ ಸ್ಕ್ರಿಪ್ಟ್ ಬರೆದೆವು. ಪ್ರೈಮರಿ ಕೀ ಇಲ್ಲದ ಟೇಬಲ್‌ಗಳೂ ಕೆಲವಿದ್ದವು. ಅವುಗಳಲ್ಲಿ ತಿದ್ದುವುದೂ ಅಳಿಸುವುದೂ ನಡೆಯಬೇಕಾದರೆ ರೆಪ್ಲಿಕಾ ಐಡೆಂಟಿಟಿ (ಸಾಲನ್ನು ಗುರುತಿಸುವ ಬಗೆ) ಬೇರೆಯಾಗಿ ಹೇಳಬೇಕು. ಟೇಬಲ್‌ಗೆ ಹೊಸ ಕಾಲಮ್ ಸೇರಿಸಿದರೆ ಅದೂ ತಾನಾಗಿ ಹೋಗುವುದಿಲ್ಲ. ಹಾಗಾಗಿ ಸಾಗಣೆ ಮುಗಿಯುವವರೆಗೆ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾವಣೆಗೆ ಬೀಗ.

ಡಿಎನ್‌ಎಸ್ ಟಿಟಿಎಲ್ (ಸಿಕ್ಕ ವಿಳಾಸವನ್ನು ನೆನಪಿಡುವ ಅವಧಿ) ಅನ್ನು ಹಿಂದಿನ ದಿನವೇ 60 ಸೆಕೆಂಡ್‌ಗೆ ಇಳಿಸಿದ್ದೆವು. ಬದಲಿಸಿದ ಮೇಲೆ ರೆಪ್ಲಿಕೇಶನ್ ದಿಕ್ಕು ತಿರುಗಿಸಿ ಹೊಸದರಿಂದ ಹಳೆಯದಕ್ಕೆ ಹರಿಸಿದೆವು. ಹೊಸ ಕಡೆ ಏನಾದರೂ ಕೆಟ್ಟರೆ ಡೇಟಾ ಕಳೆಯದೆ ವಾಪಸ್ ಬರಲು ಇದೊಂದೇ ದಾರಿ. ವಾಪಸ್ ಬರುವ ಸಂದರ್ಭ ಬರಲಿಲ್ಲ. ಆದರೂ ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೂ ಹಳೆಯದನ್ನು ಹಾಗೇ ಓಡಿಸಿದೆವು.

ಕೇಬಲ್ ಕಿತ್ತು ನೋಡಿದ್ದು

ಅಷ್ಟರಲ್ಲಿ ಮೀಸಲು ಲೈನ್‌ಗಳು ಬಂದವು. ಎರಡು ಕಂಪನಿಗಳಿಂದ ಎರಡು, ವಿಪಿಎನ್ ಮೂರನೆಯದಾಗಿ ಹಿಂದೆ. ಯಾವ ದಾರಿ ಬಳಸಬೇಕು ಅನ್ನೋದನ್ನು ರೌಟರ್‌ಗಳ ನಡುವಿನ ಬಿಜಿಪಿ ಪ್ರೋಟೋಕಾಲ್ ತೀರ್ಮಾನಿಸುತ್ತದೆ. ಮೊದಲನೆಯದರ ಕೇಬಲ್ ಕಿತ್ತೆವು. ಪೋರ್ಟ್ ಕೆಳಗೆ ಬಿತ್ತು, ಕೂಡಲೇ ಎರಡನೆಯದಕ್ಕೆ ಹೋಯಿತು. ಎಲ್ಲರಿಗೂ ಖುಷಿ.

ಆದರೆ ನಿಜವಾದ ಲೈನ್‌ಗಳು ಹಾಗೆ ಸಾಯುವುದಿಲ್ಲ. ನಡುವೆ ಎಲ್ಲೋ ತುಂಡಾಗುತ್ತದೆ, ನಿಮ್ಮ ಪೋರ್ಟ್‌ನ ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ. ಆಗ ಬಿಜಿಪಿ ತನ್ನ ಹೋಲ್ಡ್ ಟೈಮರ್ ಮುಗಿಯುವವರೆಗೆ ಕಾಯುತ್ತದೆ. ಎಡಬ್ಲ್ಯೂಎಸ್‌ನ ಮೀಸಲು ಲೈನ್ ಸೇವೆ ಡೈರೆಕ್ಟ್ ಕನೆಕ್ಟ್‌ನಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡ್. ಹೀಗೆ ಆಗುವಂತೆ ನಡುವಿನ ಸ್ವಿಚ್‌ನಲ್ಲಿ ಟ್ರಾಫಿಕ್ ಬೀಳಿಸಿ ನೋಡಿದರೆ ಒಂದೂವರೆ ನಿಮಿಷ ಎಲ್ಲವೂ ಸ್ತಬ್ಧ. ಲೈನ್ ಜೀವಂತವಾಗಿದೆಯೇ ಅಂತ ಪದೇ ಪದೇ ನೋಡುವ ಬಿಎಫ್‌ಡಿ ಹಾಕಿದ ಮೇಲೆ 300 ಮಿಲಿಸೆಕೆಂಡ್‌ಗೆ ಒಂದು ಪ್ಯಾಕೆಟ್, ಮೂರು ತಪ್ಪಿದರೆ ಸತ್ತಂತೆ. ಒಂದು ಸೆಕೆಂಡ್‌ನೊಳಗೆ ದಾರಿ ಬದಲಾಯಿತು. ಅದನ್ನು ನಮ್ಮ ರೌಟರ್‌ನಲ್ಲಿ ನಾವೇ ಹಾಕಬೇಕು, ತಾನಾಗಿ ಬರುವುದಿಲ್ಲ.

ಎರಡು ಕಂಪನಿಗಳ ಫೈಬರ್ ಹೋಗುವ ದಾರಿಯ ನಕ್ಷೆ ಕೇಳಿ ತರಿಸಿದಾಗ ಇನ್ನೊಂದು ಹೊರಬಿತ್ತು. ನಮ್ಮ ಕಟ್ಟಡದಿಂದ ಹೊರಟು ಒಂದಷ್ಟು ದೂರ ಎರಡೂ ಒಂದೇ ಪೈಪ್‌ನಲ್ಲಿವೆ. ಬಿಲ್ ಎರಡು, ಗುಂಡಿ ಒಂದು. ಅಗೆಯುವ ಯಂತ್ರ ಒಂದು ಸಲ ಬಾಯಿ ಹಾಕಿದರೆ ಎರಡೂ ಹೋಗುತ್ತವೆ. ದಾರಿ ಬದಲಿಸಲು ಎರಡನೆಯವರಿಗೆ ಬರೆದಿದ್ದೇವೆ.

ಬಿಲ್ ಬಂತು

ಮೊದಲ ಪೂರ್ತಿ ತಿಂಗಳ ಬಿಲ್‌ನಲ್ಲಿ ಮೆಷಿನ್‌ಗಳ ಖರ್ಚು ಅಂದಾಜಿನ ಹತ್ತಿರವೇ ಇತ್ತು. ಎದ್ದು ಕಂಡದ್ದು ನ್ಯಾಟ್ ಗೇಟ್‌ವೇ (ವಿಪಿಸಿಯಿಂದ ಹೊರಹೋಗುವ ದ್ವಾರ) ಸಾಲು. ಅದರ ಮೂಲಕ ಹೋಗುವ ಪ್ರತಿ ಜಿಬಿಗೂ ದರ ಇದೆ. ಬ್ಯಾಕಪ್‌ಗಳು ಎಡಬ್ಲ್ಯೂಎಸ್‌ನ ಸ್ಟೋರೇಜ್ ಸೇವೆ ಎಸ್3ಗೆ ಹೋಗುತ್ತಿದ್ದದ್ದು ಆ ದಾರಿಯಲ್ಲೇ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಅಂತ ಬೇರೆ ದಾರಿ ಇದೆ, ಅದಕ್ಕೆ ಶುಲ್ಕವಿಲ್ಲ. ರೌಟ್ ಟೇಬಲ್‌ನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಆ ಖರ್ಚು ಬಹುಪಾಲು ಇಳಿಯಿತು. ಆಮೇಲೆ ಮೆಷಿನ್ ಅಳಿಸಿದರೂ ಉಳಿದುಕೊಂಡ ಡಿಸ್ಕ್‌ಗಳು, ಕೊನೆ ದಿನಾಂಕವೇ ಇಲ್ಲದ ಲಾಗ್‌ಗಳು. ಇವೆಲ್ಲಾ ಮಾಮೂಲಿ.

ಒಳಗಿನ ಕ್ಲೌಡ್‌ಗೂ ಬಿಲ್ ಕೊಡಲು ಶುರು ಮಾಡಿದೆವು. ನಿಜವಾದ ಹಣ ಕೈ ಬದಲಾಗುವುದಿಲ್ಲ, ಪ್ರತಿ ವಿಭಾಗಕ್ಕೆ ಅವರ ಬಳಕೆಯ ಲೆಕ್ಕ ಹೋಗುತ್ತದೆ, ಅಷ್ಟೇ. ವಿದ್ಯುತ್, ತಂಪು, ಡಿಸ್ಕ್ ಬದಲಾವಣೆ, ನಮ್ಮ ಸಂಬಳ ಎಲ್ಲಾ ಸೇರಿಸಿ. ಕಾಗದದ ಮೇಲೆ ಮೊತ್ತ ಕಂಡ ಕೂಡಲೇ ಜನ ಮೆಷಿನ್‌ಗಳನ್ನು ವಾಪಸ್ ಕೊಡಲು ಶುರು ಮಾಡಿದರು. ಯಾರೂ ಹೇಳಿರಲಿಲ್ಲ.

ಟ್ಯಾಗ್ ಇಲ್ಲದ ಮೆಷಿನ್ ಎರಡೂ ಕಡೆ ಹುಟ್ಟದಂತೆ ಮೆಷಿನ್‌ಗಳನ್ನು ಕಟ್ಟುವ ಟೆರಾಫಾರ್ಮ್ ಕೋಡ್‌ನಲ್ಲೇ ತಡೆ ಹಾಕಿದ್ದೇವೆ. ಯಾವ ವಿಭಾಗ, ಯಾರ ಜವಾಬ್ದಾರಿ, ಯಾವತ್ತಿನವರೆಗೆ ಬೇಕು, ಈ ಮೂರು ಬರೆಯಲೇಬೇಕು. ಒಂದೇ ಕೋಡ್‌ನಿಂದ ಎರಡೂ ಕ್ಲೌಡ್ ನಡೆಸಬಹುದು ಅನ್ನುವ ಕನಸು ಮಾತ್ರ ಕೈಬಿಟ್ಟೆವು. ಭಾಷೆ ಒಂದೇ ಆದರೂ ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ಬೇರೆ, ಎಡಬ್ಲ್ಯೂಎಸ್‌ನದ್ದು ಬೇರೆ. ಎರಡಕ್ಕೂ ಹೊಂದುವ ಮಾಡ್ಯೂಲ್ (ಮತ್ತೆ ಮತ್ತೆ ಬಳಸುವ ಕೋಡ್ ತುಂಡು) ಬರೆಯಲು ಹೊರಟರೆ ಎರಡರ ಒಳ್ಳೆಯ ಗುಣಗಳೂ ಹೋಗುತ್ತವೆ. ಬೇರೆ ಬೇರೆ ಮಾಡ್ಯೂಲ್, ಒಂದೇ ಹೆಸರಿಡುವ ಪದ್ಧತಿ, ಒಂದೇ ಟ್ಯಾಗ್ ಅನ್ನುವಲ್ಲಿಗೆ ನಿಂತೆವು.

ಬಾಕಿ ಇರುವುದು ರಾತ್ರಿಯ ರಿಪೋರ್ಟ್‌ಗಳು. ಅವು ಎರಡೂ ಗುಂಪುಗಳ ಡೇಟಾ ಓದುತ್ತವೆ, ಹಾಗಾಗಿ ಎಲ್ಲಿಟ್ಟರೂ ಅರ್ಧ ಡೇಟಾ ಲೈನ್ ದಾಟಲೇಬೇಕು. ಕ್ಲೌಡ್‌ನಿಂದ ಹೊರಬರುವ ಡೇಟಾಗೆ ದರ ಇದೆ, ಒಳಹೋಗುವುದಕ್ಕೆ ಸಾಮಾನ್ಯವಾಗಿ ಇಲ್ಲ. ಅದರ ಪ್ರಕಾರ ರಿಪೋರ್ಟ್‌ಗಳು ಹೊರಗೇ ಓಡಲಿ, ಸಂಬಳದ ಕಡೆಯಿಂದ ಹೆಸರು ತೆಗೆದ ಒಟ್ಟು ಮೊತ್ತಗಳು ಮಾತ್ರ ಅಲ್ಲಿಗೆ ಹೋಗಲಿ ಅಂತ ಯೋಚನೆ. ಕಾನೂನು ವಿಭಾಗದ ಒಪ್ಪಿಗೆ ಬರಬೇಕು. ಬಂದ ಮೇಲೆ ನೆಟ್‌ಫ್ಲೋ ನಕ್ಷೆಯಲ್ಲಿ ಆ ಗುಂಪನ್ನು ಮತ್ತೊಮ್ಮೆ ತ್ರೈಮಾಸಿಕದ ಕೊನೆಯವರೆಗೆ ನೋಡಿ ಶುರು ಮಾಡುತ್ತೇವೆ.